ಟ್ಯಾಂಕಿನ ಮೇಲೆ ಕೂರುವ ಕಾಗೆಯವರಿಗೆ, ಒಂದು ಕಜ್ಜಾಯದ ವಿಷಯವಾಗಿ

ಗೆ,
ಮಾನ್ಯ ಶ್ರೀ ಕಾಗೆಯವರು,
ಯಾಸಿನ್ ಅವರ ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕು,
ಅಂಗನವಾಡಿ ಬೀದಿ, ಕೆ.ಆರ್. ಪೇಟೆ.

ಮಾನ್ಯರೇ,

ಒಂಟಿ ಕಾಲಿನ ಮೇಲೆ ನಿಂತು, ಕತ್ತು ಓರೆ ಮಾಡಿ, ಇಡೀ ಬೀದಿಯ ಅಡುಗೆಮನೆಗಳ ಮೇಲೆ ಏಕಕಾಲಕ್ಕೆ ಕಣ್ಣಿಟ್ಟು ನಮ್ಮೆಲ್ಲರನ್ನೂ ಕಾಪಾಡುತ್ತಿರುವ ತಮ್ಮ ಶ್ಯಾಮಲ ಪಾದಗಳಿಗೆ ಅನಂತ ನಮಸ್ಕಾರಗಳು. ಮೊದಲಿಗೆ ಕ್ಷೇಮ ಸಮಾಚಾರ ವಿಚಾರಿಸುವುದು ಪದ್ಧತಿ. ಆದರೆ ಅಮಾವಾಸ್ಯೆಯ ಮಾರನೆಯ ದಿನ ಟ್ಯಾಂಕಿನ ಮೇಲೆ ಕೊಕ್ಕು ಉಜ್ಜಿಕೊಳ್ಳುತ್ತಿದ್ದ ತಮ್ಮ ಗತ್ತನ್ನು ಕಣ್ಣಾರೆ ಕಂಡಿರುವುದರಿಂದ, ಕ್ಷೇಮವೆಂದೇ ಭಾವಿಸಿ ಮುಂದುವರಿಯುತ್ತೇನೆ.

ನಾನು ದಿವಂಗತ ಚೌಡಯ್ಯನವರ ಮಗ ನಾಗಾರ್ಜುನ. ತಾಲ್ಲೂಕು ಕಚೇರಿಯ ಎದುರಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು, ಶೀಳನೆರೆ, ಮಾಕವಳ್ಳಿ ಕಡೆಯಿಂದ ಬರುವವರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಖಾತೆ ಬದಲಾವಣೆಯಿರಲಿ, ಪಿಂಚಣಿಯಿರಲಿ, ಕಳೆದುಹೋದ ಎಮ್ಮೆಯಿರಲಿ, ಕಳೆದುಹೋದ ಗಂಡನಿರಲಿ, ಎಲ್ಲವನ್ನೂ ‘ತಾವು ದಯಮಾಡಿ’ ಎಂದೇ ಶುರುಮಾಡಿ ‘ಕೃಪೆ ತೋರಬೇಕಾಗಿ’ ಎಂದೇ ಮುಗಿಸಿ ಪಳಗಿದ ಕೈ ಇದು. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ವಿನಯ ಅತಿಯಾಗಿ ಕಂಡರೆ ಅದು ಕಸುಬಿನ ದೋಷ. ಕೋಪ ಅತಿಯಾಗಿ ಕಂಡರೆ ಅದು ನನ್ನ ಸ್ವಂತದ್ದು.

ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಅಂಗನವಾಡಿಯಲ್ಲಿ ಇರುವುದು ಒಂದೇ ಒಂದು ಮರದ ಕುದುರೆ. ಅದರ ಮೇಲೆ ಕೂರುವ ಹಕ್ಕುದಾರರು ಬೀದಿಯ ಅಷ್ಟೂ ಮಕ್ಕಳು. ನನ್ನ ಮಗಳು ಮೇಘನ, ನಾಲ್ಕು ತುಂಬಿದವಳು, ಕುದುರೆಯ ಬಾಲ ಹಿಡಿದುಕೊಂಡು, ಎದುರು ಮನೆಯ ಯಾಸಿನ್ ಅವರ ಮಗಳು ಉಮ್ಮೆ ಹಾನಿ, ಅದೇ ವಯಸ್ಸಿನವಳು, ಕಿವಿ ಹಿಡಿದುಕೊಂಡು ಎಳೆದಾಡಿ, ಕೊನೆಗೆ ಕುದುರೆಯನ್ನು ಬಿಟ್ಟು ಒಬ್ಬರನ್ನೊಬ್ಬರು ಕಚ್ಚಿಕೊಂಡು, ಎರಡೂ ಮನೆಯಲ್ಲಿ ಅರಿಸಿನ ಅರೆದು ಹಚ್ಚುವ ಹಾಗಾಯಿತು. ಟೀಚರ್ ಪವಿತ್ರ ಹೊಡೆಯುವವರಲ್ಲ, ಗದರುವವರೂ ಅಲ್ಲ. ಅವರು ಮಕ್ಕಳನ್ನು ಸುತ್ತ ಕೂರಿಸಿಕೊಂಡು ಒಂದು ಕಥೆ ಹೇಳಿದರು. ಮಾನ್ಯರೇ, ಆ ಕಥೆಯ ನಾಯಕರು ತಾವು.

ಕಥೆ ತಮ್ಮದೇ ಜೀವನಚರಿತ್ರೆಯಾದ್ದರಿಂದ ಬಿಡಿಸಿ ಹೇಳಬೇಕಾಗಿಲ್ಲವೆಂದು ಮೊದಲು ಅಂದುಕೊಂಡಿದ್ದೆ. ತಮ್ಮ ನಡವಳಿಕೆ ಕಂಡ ಮೇಲೆ ಹೇಳುವುದೇ ಒಳ್ಳೆಯದು ಅನ್ನಿಸಿದೆ. ಒಂದೂರಿನಲ್ಲಿ ಒಂದು ಕಾಗೆಗೆ ಆಲೆಮನೆಯ ಸೂರಿನ ಮೇಲೆ ಒಂದು ಕಜ್ಜಾಯ ಸಿಗುತ್ತದೆ, ಬಿಸಿ ಬಿಸಿ, ಬೆಲ್ಲದ ಘಮಘಮ. ಯಾರೂ ನೋಡಿಲ್ಲ, ಒಂಟಿಯಾಗಿ ನುಂಗಿದರೆ ಕೇಳುವವರಿಲ್ಲ. ಆದರೂ ಆ ಪುಣ್ಯಾತ್ಮ ಕಾಗೆ ಒಂದು ಚೂರನ್ನೂ ಕುಕ್ಕದೆ, ರೆಕ್ಕೆ ಬಡಿದು ‘ಕಾ ಕಾ ಕಾ’ ಎಂದು ಬಂಧುಬಳಗವನ್ನೆಲ್ಲ ಕರೆಯುತ್ತದೆ. ಎಲ್ಲರೂ ತಿಂದು ಕರೆದವನಿಗೆ ಉಳಿಯುವುದು ಉಗುರಿನಷ್ಟು. ಆದರೆ ಆ ಉಗುರಿನಷ್ಟೇ ಎಲ್ಲಕ್ಕಿಂತ ಸಿಹಿ. ಕಥೆ ಇಷ್ಟೇ. ಇಷ್ಟಕ್ಕೇ ನಿಂತಿದ್ದರೆ ನನಗೂ ಒಂದು ಹಾಳೆ ಉಳಿಯುತ್ತಿತ್ತು. ಪವಿತ್ರ ಅದನ್ನು ಆಟ ಮಾಡಿದರು. ಇನ್ನು ಮೇಲೆ ನೀವೆಲ್ಲ ಕಾಗೆಗಳು, ಕೈಗೆ ಏನೇ ಸಿಕ್ಕರೂ ರೆಕ್ಕೆ ಬಡಿದು ಕರೆಯಬೇಕು, ಕರೆ ಕೇಳಿಸಿದವರು ಏನೇ ಕೆಲಸವಿದ್ದರೂ ಬಿಟ್ಟು ಓಡಿಬರಬೇಕು, ಕರೆದಾಗ ಬೇಡ ಅನ್ನಬಾರದು ಎಂದು ಕಟ್ಟಳೆ ಹಾಕಿದರು.

ಒಂದೇ ವಾರಕ್ಕೆ ಕುದುರೆಯ ಜಗಳ ನಿಂತಿತು. ಅದರ ಜೊತೆಗೆ ನನ್ನ ನೆಮ್ಮದಿಯೂ ನಿಂತಿತು. ಶ್ರೀರಂಗಪಟ್ಟಣದ ನೆಂಟರ ಮನೆಗೆ ನಾಮಕರಣಕ್ಕೆಂದು ಹೊರಟ ದಿನ, ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು, ಬಾಗಿಲಲ್ಲಿ ಪ್ರಾಣ ಪಣಕ್ಕಿಟ್ಟು ಸೀಟು ಹಿಡಿದಿದ್ದೆ. ಕೂತು ಉಸಿರು ಬಿಡುವಷ್ಟರಲ್ಲಿ ಮಗಳು ಸೀಟಿನ ಮೇಲೆ ನಿಂತು ರೆಕ್ಕೆ ಬಡಿದು ಕಾ ಕಾ ಅಂದಳು. ಕರಿಘಟ್ಟಕ್ಕೆ ಹೊರಟಿದ್ದ ಹೆಂಗಸರ ಗುಂಪೊಂದು, ಮಗು ಬಾಯಿ ತೆರೆದು ಕರೆದ ಮೇಲೆ ಬರದಿರಲಾದೀತೇ ಎಂದು ಬಂದು ಕೂತೇಬಿಟ್ಟಿತು. ಪಾಂಡವಪುರ ದಾಟಿದರೂ ನಾನು ಕಂಬಿ ಹಿಡಿದು ಒಂಟಿ ಕಾಲಿನಲ್ಲಿ, ಥೇಟ್ ತಮ್ಮ ಹಾಗೆಯೇ, ನಿಂತಿದ್ದೆ. ಇನ್ನೊಂದು ದಿನ ಮಗಳು ನನ್ನ ಮೇಜಿನ ಹತ್ತಿರ ಬಂದವಳು ಡ್ರಾಯರಿನಲ್ಲಿ ಛಾಪಾ ಕಾಗದದ ಅಡಿಗೆ ಬೆಚ್ಚಗೆ ಮಲಗಿದ್ದ ಕೋಡುಬಳೆಯ ಪೊಟ್ಟಣವನ್ನು ಪತ್ತೆ ಹಚ್ಚಿ ಅಲ್ಲಿಯೂ ಕರೆದಳು. ಸರದಿಯಲ್ಲಿ ನಿಂತಿದ್ದವರೆಲ್ಲ ಬಂದು ಒಂದೊಂದು ತೆಗೆದುಕೊಂಡು, ಏನ್ ಒಳ್ಳೆ ಬುದ್ಧಿ ಕಲಿಸಿದ್ದೀರಿ ಸ್ವಾಮಿ ಎಂದು ನನ್ನನ್ನೇ ಹೊಗಳಿ ಹೋದರು.

ಹಂಚಿಕೊಳ್ಳುವುದೆಂದರೆ ಕೊಡುವುದಷ್ಟೇ ಅಲ್ಲವಲ್ಲ, ತೆಗೆದುಕೊಳ್ಳುವುದೂ ಉಂಟು. ಸಂಜೆ ಮಗಳು ಮುಷ್ಟಿ ಬಿಚ್ಚಿ ‘ಅಪ್ಪನ ಪಾಲು’ ಎಂದು ಕೊಡುವ, ಬೀದಿಯ ಮಕ್ಕಳೆಲ್ಲ ನೆಕ್ಕಿ ಉಳಿಸಿದ ಲಾಲಿಪಾಪಿನ ಕಡ್ಡಿಯನ್ನು ನಾನು ಚೀಪಿ, ಎಲ್ಲಕ್ಕಿಂತ ಸಿಹಿ ಎಂದು ತಲೆಯಾಡಿಸಲೇಬೇಕು. ಇದೆಲ್ಲವನ್ನೂ ನಾನು ತಮ್ಮ ಹೆಸರಿನಲ್ಲಿ ಸಹಿಸಿಕೊಂಡೆ. ಮೂಲ ಪುರುಷರು ತಾವು, ತಾವೇ ಉಗುರಿನಷ್ಟಕ್ಕೆ ತೃಪ್ತರಾಗಿರುವಾಗ ಹುಲುಮಾನವ ನಾನೆಷ್ಟರವನು ಅಂದುಕೊಂಡೆ.

ಇಲ್ಲಿ ನನ್ನ ತಂದೆಯವರ ಬಗ್ಗೆ ಎರಡು ಮಾತು ಹೇಳಲೇಬೇಕು. ಅಪ್ಪನಿಗೆ ಕಜ್ಜಾಯವೆಂದರೆ ಪ್ರಾಣ. ಅಮ್ಮ ಬಾಣಲೆಯಿಂದ ತೆಗೆದ ಕಜ್ಜಾಯವೆಲ್ಲ ಎಣ್ಣೆ ಸೋರುವ ಮೊದಲೇ ಅವರ ಕಬ್ಬಿಣದ ಟ್ರಂಕು ಸೇರಿ ಬೀಗ ಬೀಳುತ್ತಿತ್ತು. ಬೀಗದ ಕೈ ಉಡುದಾರದಲ್ಲಿ. ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಅವರು ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ಕೂತು, ಚೂರು ಚೂರೇ ಮುರಿದು ತಿನ್ನುತ್ತಿದ್ದರು. ನಾನೂ ನನ್ನ ತಂಗಿ ರಂಜಿತಳೂ ನಿದ್ದೆ ಬಂದವರ ಹಾಗೆ ಮಲಗಿ, ಆ ಬೆನ್ನನ್ನೇ ನೋಡಿಕೊಂಡು ಬೆಳೆದವರು. ಅಪ್ಪ ಕೆಟ್ಟವರಲ್ಲ. ಓದಿಸಿದರು, ಮನೆ ಕಟ್ಟಿಸಿದರು, ನನ್ನ ಮದುವೆಯಲ್ಲಿ ಕರೆದವರಿಗೂ ಕರೆಯದವರಿಗೂ ಊಟ ಹಾಕಿಸಿದರು. ಕಜ್ಜಾಯವನ್ನು ಮಾತ್ರ ಕೊಡಲಿಲ್ಲ.

ಹೋದ ವರ್ಷ ಅವರ ಸಕ್ಕರೆ ಕಾಯಿಲೆ ಕಾಲಿಗೆ ಇಳಿದು ಆಸ್ಪತ್ರೆ ಸೇರಿದಾಗ, ಒಂದೇ ಒಂದು ಕಜ್ಜಾಯ ಮಾಡಿಕೊಂಡು ಬಾ ಎಂದು ನನ್ನ ತಾಯಿ ಸಿದ್ದಲಿಂಗಮ್ಮನನ್ನು ಕೇಳಿದರಂತೆ. ಡಾಕ್ಟರು ಬೇಡವೆಂದಿದ್ದಾರೆ ಎಂದು ಅಮ್ಮ ಮಾಡಲಿಲ್ಲ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದರು, ಆಮೇಲೆ ಈ ಕಡೆ ತಿರುಗಲೇ ಇಲ್ಲ. ಅಂದಿನಿಂದ ಅಮ್ಮ ಮನೆಯಲ್ಲಿ ಕಜ್ಜಾಯದ ಹೆಸರೆತ್ತಲಿಲ್ಲ. ಅವರು ನನ್ನ ಮೇಲೆ ಮುನಿಸಿಕೊಂಡೇ ಹೋದರು ಎಂದು ಒಲೆಯ ಮುಂದೆ ಕೂತು ಕಣ್ಣೊರೆಸಿಕೊಳ್ಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಏನು ಸಮಾಧಾನ ಹೇಳಿದರೂ ಒಪ್ಪುತ್ತಿರಲಿಲ್ಲ, ಊರಿಗೆಲ್ಲ ಅರ್ಜಿ ಬರೆಯುವ ನನಗೆ ಅವಳ ಪರವಾಗಿ ಯಾರಿಗೆ ಬರೆಯಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಹೀಗಿರುವಾಗ ಮಹಾಲಯ ಅಮಾವಾಸ್ಯೆ ಬಂತು. ಅಂದು ಹಿರಿಯರಿಗೆ ಎಡೆ ಇಡುವುದು, ಎಡೆಯ ಒಂದು ಪಾಲನ್ನು ಮಾಳಿಗೆಗೆ ಒಯ್ದು ಕಾ ಕಾ ಎಂದು ತಮ್ಮನ್ನು ಕರೆಯುವುದು, ಹಿರಿಯರು ಕಾಗೆಯ ರೂಪದಲ್ಲಿ ಬಂದು ಮುಟ್ಟಿದ ಮೇಲೆಯೇ ಮನೆಯವರು ಉಣ್ಣುವುದು, ಇದನ್ನೆಲ್ಲ ತಮಗೆ ಹೇಳಹೊರಟರೆ ಮೀನಿಗೆ ಈಜು ಕಲಿಸಿದಂತೆ. ಅಪ್ಪನಿಗೆ ಇದು ಮೊದಲನೆಯ ಎಡೆ. ಅಮ್ಮ ಬೆಳಗಿನ ಜಾವಕ್ಕೇ ಎದ್ದು, ಮಿಂದು, ಅಪ್ಪನ ಅಳತೆಯ, ಅಂಗೈ ಅಗಲದ ಒಂದು ಕಜ್ಜಾಯವನ್ನು ಮೊದಲು ತಟ್ಟಿ ತೆಗೆದು, ಎಲೆಯ ನಟ್ಟನಡುವೆ ಇಟ್ಟು, ಮಾಳಿಗೆಯ ಮೇಲೆ ನೀರು ಚಿಮುಕಿಸಿ ಕೂತುಬಿಟ್ಟಳು.

“ನಿಮ್ಮಪ್ಪ ಮುಟ್ಟೋಗಂಟ ನಾನು ನೀರು ಕುಡಿಯಾಕಿಲ್ಲ ಕಣ್ಲಾ” ಅಂದಳು.

ಮಾನ್ಯರೇ, ನನ್ನ ತಾಯಿಗೂ ಸಕ್ಕರೆ ಕಾಯಿಲೆ ಇದೆ. ಬೆಳಗ್ಗೆ ಅಭ್ಯಾಸಬಲದಿಂದ ಮಾತ್ರೆ ನುಂಗಿದ್ದಳು, ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಅವಳ ಕೈ ನಡುಗತೊಡಗಿ, ಹಣೆಯ ಮೇಲೆ ಬೆವರು ಮೂಡಿತು. ನನಗೆ ನಿಜಕ್ಕೂ ಭಯವಾಯಿತು. ನಾನು ಗಂಟಲು ಹರಿದುಹೋಗುವಂತೆ ತಮ್ಮನ್ನು ಕರೆದೆ. ತಾವು ಎದುರು ಟ್ಯಾಂಕಿನ ಮೇಲೆಯೇ ಇದ್ದಿರಿ. ನನ್ನನ್ನು ಒಮ್ಮೆ ನೋಡಿ, ಯಾವುದೋ ಹಳೆಯ ಕಡತವನ್ನು ಪಕ್ಕಕ್ಕೆ ಸರಿಸುವವರ ಹಾಗೆ ಕತ್ತು ಆ ಕಡೆ ತಿರುಗಿಸಿ, ರೆಕ್ಕೆಯ ಕೆಳಗೆ ಏನನ್ನೋ ಹುಡುಕಲು ಶುರುಮಾಡಿದಿರಿ. ಅದೇ ಸಮಯಕ್ಕೆ ನಾಗಮಂಗಲಕ್ಕೆ ಕೊಟ್ಟಿರುವ ತಂಗಿ ರಂಜಿತ, ಮೊದಲನೇ ಕೂಗಿಗೇ ತಮ್ಮ ಅಲ್ಲಿನ ಶಾಖೆಯವರು ಬಂದು ಎಲೆ ಖಾಲಿ ಮಾಡಿದ ವೀಡಿಯೋ ಕಳಿಸಿದಳು. ಅವರ ದಕ್ಷತೆಯನ್ನು ಮೇಲಧಿಕಾರಿಗಳ ಗಮನಕ್ಕೆ ತರಬೇಕಾಗಿ ವಿನಂತಿ. ಉಳಿದ ಕಾಗೆಗಳೆಲ್ಲ ಶ್ರೀರಂಗಪಟ್ಟಣದ ಹೊಳೆ ದಂಡೆಯ ಪಿಂಡಗಳಿಗೆ ಸಾಮೂಹಿಕ ರಜೆ ಹಾಕಿ ಹೋಗಿವೆ, ಇಲ್ಲಿ ಪ್ರಭಾರದಲ್ಲಿ ಇರುವುದು ತಾವೊಬ್ಬರೇ ಎಂದು ಬೀದಿಯಲ್ಲಿ ಮಾತಿತ್ತು.

ಯಾಸಿನ್ ಅವರ ತಾಯಿ ರೆಹಮತುನ್ನೀಸಾ ಎದುರು ಮಾಳಿಗೆಗೆ ಬಟ್ಟೆ ಒಣಗಿಸಲು ಬಂದವರು ಅಮ್ಮನ ಸ್ಥಿತಿ ನೋಡಿ ನಿಂತುಬಿಟ್ಟರು. “ನಮ್ ರೋಜಾಕ್ಕೂ ಬಿಡೋಕೆ ಒಂದು ಟೈಮ್ ಐತೆ ಸಿದ್ದಲಿಂಗಮ್ಮಾ, ನಿಮ್ದುಕ್ಕೆ ಈ ಕಾಗೇನಾ ಗಡಿಯಾರ?” ಎಂದು ಕೇಳಿ, ಕೈಯಲ್ಲಿದ್ದ ಟವೆಲನ್ನು ತಮ್ಮ ಕಡೆ ಬೀಸಿ ನಮ್ಮ ಮಾಳಿಗೆಗೆ ಅಟ್ಟಲು ನೋಡಿದರು. ತಾವು ಟ್ಯಾಂಕಿನ ಈ ಅಂಚಿನಿಂದ ಆ ಅಂಚಿಗೆ ಸರಿದು ಕೂತಿರಿ.

ಇನ್ನು ಕೆಳಗೆ ಬೀದಿಯಲ್ಲಿ ನಡೆಯುತ್ತಿದ್ದದ್ದನ್ನು ತಾವು ಎತ್ತರದ ಸ್ಥಾನದಿಂದ ನೋಡಿರುತ್ತೀರಿ. ಅಂದು ಅಂಗನವಾಡಿಗೆ ರಜೆ, ಮಕ್ಕಳೆಲ್ಲ ಬೀದಿಯಲ್ಲಿ ಆಡುತ್ತಿದ್ದರು. ಅಷ್ಟರಲ್ಲಿ ಮಾಳಿಗೆ ಮಾಳಿಗೆಯಿಂದಲೂ ದೊಡ್ಡವರು ಕಾ ಕಾ ಎಂದು ಕೂಗಲು ಶುರುಮಾಡಿದರು. ಕರೆ ಬಂದ ಮೇಲೆ ಹೋಗಲೇಬೇಕು, ಬೇಡ ಅನ್ನುವ ಹಾಗಿಲ್ಲ. ಬೀದಿಯ ಕೊನೆಯ ಪುಟ್ಟತಾಯಮ್ಮನವರು ತಮ್ಮ ಅತ್ತೆಯನ್ನು ನೆನೆದು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದವರು, ಕಣ್ಣು ಬಿಟ್ಟಾಗ ಎಲೆಯ ಸುತ್ತ ಕುಕ್ಕರಗಾಲಿನಲ್ಲಿ ಕೂತು ಕಚಕಚನೆ ವಡೆ ತಿನ್ನುತ್ತಿದ್ದ ಬಳಗವನ್ನು ಕಂಡು, ನಮ್ಮತ್ತೆ ಇಷ್ಟೊಂದು ರೂಪದಲ್ಲಿ ಬಂದುಬಿಟ್ಟಳೇ ಎಂದು ಎದೆ ಹಿಡಿದುಕೊಂಡರಂತೆ. ಪಕ್ಕದ ಮಂಚಮ್ಮನವರ ಮಾಳಿಗೆಯಲ್ಲಿ ಪಾಯಸ ಮುಗಿಸಿದ ಮೇಲೆ, ಅವರ ಮಾವನಿಗೆ ಇಟ್ಟಿದ್ದ ಬೀಡಿ ಕಟ್ಟನ್ನೂ ಮಕ್ಕಳು ಕಟ್ಟಳೆಯಂತೆ ಸಮವಾಗಿ ಹಂಚಿಕೊಂಡು ಕಿವಿಗೆ ಸಿಕ್ಕಿಸಿಕೊಂಡು ಇಳಿದರು. ಟೀಚರ್ ಪವಿತ್ರ ಸುದ್ದಿ ತಿಳಿದು ಓಡಿಬಂದು, ಮಕ್ಕಳ ಹಿಂದೆ ಮೆಟ್ಟಿಲು ಹತ್ತಿ ಇಳಿದು ಕಿವಿಗಳಿಂದ ಬೀಡಿ ಕೀಳುತ್ತ ಸುಸ್ತಾದರು. ಅಷ್ಟರಲ್ಲಿ ಮಕ್ಕಳಿಗೆ ನನ್ನ ಕೂಗು ಕೇಳಿಸಿತು. ಹೊಟ್ಟೆ ಬಿರಿಯುವಂತೆ ತಿಂದಿದ್ದರೂ ಕರೆದವರ ಮನಸ್ಸು ನೋಯಿಸಬಾರದೆಂದು ಇಡೀ ದಂಡು ನಮ್ಮ ಮಾಳಿಗೆ ಹತ್ತಿತು.

ಅವರು ಅಪ್ಪನ ಎಲೆಯ ಸುತ್ತ ಕೂತಾಗ ಅಮ್ಮನ ಮುಖ ಬಿಳಿಚಿಕೊಂಡಿತು. ಓಡಿಸಲು ನಾನು ಕೈ ಎತ್ತಿದೆ, ಎತ್ತಿದ ಕೈಗೆ ಮೇಘನ ನೇತುಬಿದ್ದಳು. ಉಮ್ಮೆ ಹಾನಿ ಎಲೆಯ ನಡುವಿನ ಕಜ್ಜಾಯವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸುತ್ತಲೂ ನೋಡಿ ಕಾ ಕಾ ಅಂದಳು. ಎಲ್ಲರೂ ಇದ್ದಾರೆ, ಕರೆದರೂ ಬಾರದೆ ಮೂಲೆಯಲ್ಲಿ ಕೂತಿರುವುದು ಅಮ್ಮ ಒಬ್ಬಳೇ. ಹುಡುಗಿ ನೆಟ್ಟಗೆ ಅಮ್ಮನ ಹತ್ತಿರ ಹೋಗಿ ಕಜ್ಜಾಯವನ್ನು ಮುಖದ ಮುಂದೆ ಹಿಡಿದಳು.

“ಕರ್ದ್ರೆ ಬೇಡ ಅನ್ಬಾರ್ದು ಅಜ್ಜಿ. ಮುರೀ, ಅರ್ಧ ನಿಂಗೆ.”

ಅಮ್ಮ ಕೈ ಚಾಚಲಿಲ್ಲ. ಹಿರಿಯರು ಯಾವ ರೂಪದಲ್ಲಾದರೂ ಬರಬಹುದು, ಮಗು ಮುಟ್ಟಿದರೆ ದೇವರು ಮುಟ್ಟಿದ ಹಾಗೆ, ತಿಂದುಬಿಡಮ್ಮ ಎಂದು ನಾನು ಅಂಗಲಾಚಿದೆ. ಆಚೆ ಮಾಳಿಗೆಯಿಂದ ರೆಹಮತುನ್ನೀಸಾ ಅವರೂ ಅದನ್ನೇ ಹೇಳಿದರು. ಅಮ್ಮ ತಲೆಯಾಡಿಸಿಬಿಟ್ಟಳು. “ಇದು ಅವ್ರಲ್ಲ ಕಣ್ಲಾ. ಅವ್ರಾಗಿದ್ರೆ ಅರ್ಧ ಕೊಡೋರಾ?” ಅಂದಳು.

ಆ ಒಂದು ಗಳಿಗೆಯಲ್ಲಿ, ಮಾನ್ಯರೇ, ತಾವು ಟ್ಯಾಂಕಿನಿಂದ ಬಿಟ್ಟ ಬಾಣದಂತೆ ಬಂದಿರಿ. ಅನ್ನವನ್ನು ಮುಟ್ಟಲಿಲ್ಲ, ವಡೆಯನ್ನು ನೋಡಲಿಲ್ಲ. ಉಮ್ಮೆ ಹಾನಿಯ ಕೈಯಿಂದ ಅಷ್ಟಗಲದ ಕಜ್ಜಾಯವನ್ನು ಇಡಿಯಾಗಿ ಕಿತ್ತುಕೊಂಡು ಟ್ಯಾಂಕಿಗೆ ಮರಳಿದಿರಿ. ಮಕ್ಕಳೆಲ್ಲ ಉಸಿರು ಹಿಡಿದು ನೋಡಿದರು: ಕಥೆಯ ಕಾಗೆ, ಕಥೆಯ ಕಜ್ಜಾಯ, ಈಗ ರೆಕ್ಕೆ ಬಡಿಯುತ್ತದೆ, ಈಗ ಕರೆಯುತ್ತದೆ. ತಾವು ರೆಕ್ಕೆಯನ್ನೇನೋ ಬಡಿದಿರಿ, ಎಲ್ಲಿಂದಲೋ ಹತ್ತಿರ ಬಂದ ಇನ್ನೊಂದು ಕಾಗೆಯನ್ನು ಓಡಿಸುವುದಕ್ಕೆ. ಆಮೇಲೆ ಕಾ ಎಂಬ ಒಂದಕ್ಷರವನ್ನೂ ಆಡದೆ, ನಮ್ಮೆಲ್ಲರಿಗೂ ಬೆನ್ನು ಕೊಟ್ಟು ಕೂತು, ಚೂರು ಚೂರೇ ಮುರಿದು ತಿನ್ನತೊಡಗಿದಿರಿ.

ಅಮ್ಮ ಗೋಡೆ ಹಿಡಿದುಕೊಂಡು ಎದ್ದು ನಿಂತಳು. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ತುಂಬ ನಗು.

“ನಿಮ್ಮಪ್ಪನೇ ಕಣ್ಲಾ” ಅಂದಳು. “ಬೆನ್ನು ನೋಡು.”

ನೋಡಿದೆ. ನಾನು ಹುಟ್ಟಿದಾಗಿನಿಂದ ನೋಡಿದ ಬೆನ್ನು, ಗುರುತು ಹಿಡಿಯದೆ ಇರುತ್ತೇನೆಯೇ? ನನಗೂ ನಗು ಬಂತು, ನಗುತ್ತ ನಗುತ್ತ ಅಳುವೂ ಬಂತು, ಇಷ್ಟು ವರ್ಷ ಸಿಟ್ಟು ತರಿಸಿದ್ದ ಆ ಬೆನ್ನನ್ನು ಒಮ್ಮೆ ಅಪ್ಪಿಕೊಳ್ಳಬೇಕು ಅನ್ನಿಸಿತು. ಅಮ್ಮ ಕೊನೆಯ ಚೂರು ಮುಗಿಯುವವರೆಗೂ ಕೈಮುಗಿದು ನಿಂತಿದ್ದು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಎಲೆ ಹಾಕು ಹಸಿವಾಗ್ತದೆ ಎಂದಳು. ಮಾಳಿಗೆಯ ಮೇಲೆಯೇ, ಆ ಮಕ್ಕಳ ನಡುವೆಯೇ ಕೂತು, ಉಮ್ಮೆ ಹಾನಿ ಒಂದು ಕಡೆಯಿಂದ ಮೇಘನ ಇನ್ನೊಂದು ಕಡೆಯಿಂದ ಇಟ್ಟ ತುತ್ತನ್ನೆಲ್ಲ ಉಂಡಳು. ಒಂದು ವರ್ಷದಿಂದ ಅವಳು ಹಾಗೆ ಉಂಡಿದ್ದನ್ನು ನಾನು ಕಂಡಿರಲಿಲ್ಲ.

ಹಾಗಾದರೆ ದೂರೇನು ಎಂದು ತಾವು ಕೇಳಬಹುದು. ಅಮ್ಮನ ಮಟ್ಟಿಗೆ ತಾವು ದೇವರು, ಅದಕ್ಕೆ ನನ್ನ ಸಾಷ್ಟಾಂಗ. ಆದರೆ ಮಕ್ಕಳ ಮಟ್ಟಿಗೆ ತಾವು ಮಾಡಿದ್ದು ಸರಿಯೇ? ಮಾರನೆಯ ದಿನ ಅಂಗನವಾಡಿಯಲ್ಲಿ ದೊಡ್ಡ ನ್ಯಾಯಪಂಚಾಯಿತಿ ನಡೆಯಿತು. ಕಾಗೆ ಯಾಕೆ ಕರೆಯಲಿಲ್ಲ ಎಂದು ಮಕ್ಕಳು ಕೇಳಿದರೆ ಪವಿತ್ರ ಏನು ಹೇಳಿಯಾರು? ಕಥೆಯೇ ಸುಳ್ಳು ಎಂದರೆ ನಾಳೆಯಿಂದ ಮತ್ತೆ ಮರದ ಕುದುರೆಯ ಜಗಳ, ಮತ್ತೆ ಅರಿಸಿನ. ಅವರು ತಡವರಿಸುತ್ತಿರುವಾಗ ಉಮ್ಮೆ ಹಾನಿಯೇ ತೀರ್ಪು ಕೊಟ್ಟಳಂತೆ: “ಅದುಕ್ಕೆ ಯಾರೂ ಕಥೆ ಹೇಳಿಲ್ಲ ಮಿಸ್ಸೇ.”

ಆ ಪ್ರಕಾರ ಈಗ ದಿನವೂ ಊಟವಾದ ಮೇಲೆ ಮಕ್ಕಳು ಟ್ಯಾಂಕಿನ ಕೆಳಗೆ ಸಾಲಾಗಿ ನಿಂತು, ತಮಗೆ ಕೇಳಿಸಲೆಂದು ಕಿರುಚಿ ಕಿರುಚಿ ತಮ್ಮದೇ ಕಥೆಯನ್ನು ತಮಗೆ ಹೇಳುತ್ತಿದ್ದಾರೆ. ಆದ್ದರಿಂದ ತಾವು ದಯಮಾಡಿ ಆ ಹೊತ್ತಿನಲ್ಲಿ ಮಾಂಸದಂಗಡಿ ಕಡೆಗೆ ಹೋಗುವ ಕಾರ್ಯಕ್ರಮವನ್ನು ಮುಂದೂಡಬೇಕು. ಕಥೆ ಮುಗಿಯುವ ತನಕ ಕಣ್ಣು ಮುಚ್ಚದೆ ಕೂರಬೇಕು. ಉಗುರಿನಷ್ಟೇ ಸಿಹಿ ಎಂಬ ಜಾಗ ಬಂದಾಗ ಒಪ್ಪಿದವರ ಹಾಗೆ ಒಮ್ಮೆಯಾದರೂ ಕತ್ತು ಆಡಿಸಬೇಕು. ಇದಾವುದೂ ಆಗದಿದ್ದಲ್ಲಿ, ಕಥೆಯಲ್ಲಿ ಬರುವ ಕಾಗೆಗೂ ತಮಗೂ ಯಾವ ರಕ್ತಸಂಬಂಧವೂ ಇಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕು. ಕರಡು ನಾನೇ ತಯಾರಿಸಿ ಮಾಳಿಗೆಯ ಮೇಲಿಟ್ಟಿರುತ್ತೇನೆ, ತಾವು ಬಂದು ಕಾಲಿನ ಗುರುತು ಒತ್ತಿದರೆ ಸಾಕು. ಈ ಬಡ ಅರ್ಜಿದಾರನ ಮೇಲೆ ಕೃಪೆ ತೋರಬೇಕಾಗಿ ಕೋರಿ,

ಟವೆಲ್ ಹಾಕಿದ ಸೀಟನ್ನೂ ಬಚ್ಚಿಟ್ಟ ಕೋಡುಬಳೆಯನ್ನೂ ತಮ್ಮ ಹೆಸರಿನಲ್ಲಿ ಕಳೆದುಕೊಂಡಿರುವ,
ತಮ್ಮ ವಿಶ್ವಾಸಿ,
ನಾಗಾರ್ಜುನ

ಬರೆಯಲು ಮರೆತದ್ದು: ತಾವು ಬರೀ ಕಾಗೆಯೇ ಆಗಿದ್ದಲ್ಲಿ ಇಲ್ಲಿಂದ ಮುಂದೆ ಓದಬೇಕಾಗಿಲ್ಲ. ಅಮ್ಮ ದೀಪಾವಳಿಗೂ ಕಜ್ಜಾಯ ಮಾಡುತ್ತೇನೆ ಎಂದು ಅಕ್ಕಿ ಆರಿಸುತ್ತ ಕೂತಿದ್ದಾಳೆ, ಹಾಡು ಗುನುಗುತ್ತಿದ್ದಾಳೆ. ಎಲೆಯ ನಡುವೆ ಅಂಗೈ ಅಗಲದ್ದು ಇದ್ದೇ ಇರುತ್ತದೆ, ಟ್ರಂಕು ತರಬೇಕಾಗಿಲ್ಲ. ಮಕ್ಕಳು ನೋಡುತ್ತಿರುತ್ತಾರೆ. ನಾನೂ ನೋಡುತ್ತಿರುತ್ತೇನೆ. ಅಪ್ಪಾ, ಈ ಸಲನಾದ್ರೂ ಈ ಕಡೆ ತಿರುಗಿ ಕೂತ್ಕೊಂಡು, ಒಂದು ಚೂರು ನಂಗೂ ಬುಡಪ್ಪ.